ಲಾರಿ ಇಂಜಿನ್ ಆಗಾಗ ಮಿಸ್ ಆಗುತ್ತಿದ್ದರೆ

ಎಲ್ಲರಿಗೂ ನಮಸ್ಕಾರ. ಡೀಸೆಲ್ ಲಾರಿ ಇಂಜಿನ್ ಒಮ್ಮೊಮ್ಮೆ ಮಿಸ್ ಆಗುತ್ತಿದ್ದರೆ, ಅಂದರೆ ಓಡುತ್ತಾ ತಡವರಿಸುತ್ತಿದ್ದರೆ, ಸುಮ್ನೆ ಇಂಜೆಕ್ಟರ್ (ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಬದಲಾಯಿಸಲು ಹೋಗಬೇಡಿ. ಯಾವಾಗ ಮಿಸ್ ಆಗುತ್ತದೆ ಅನ್ನುವುದನ್ನು ಮೊದಲು ಗಮನಿಸಿ. ಲೋಡ್ ಹೊತ್ತು ಏರು ಹತ್ತುವಾಗ ಮಾತ್ರ ಅಂದರೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ತಡವರಿಸಿದರೆ ಟ್ಯಾಂಕಿನಿಂದ ಬರುವ ಪೈಪ್ ಎಲ್ಲೋ ಗಾಳಿ ಎಳೆಯುತ್ತಿರಬಹುದು. ಹೊಂಡದಲ್ಲಿ ಕುಲುಕಿದಾಗ ಮಾತ್ರವೇ? ನನಗಂತೂ ವೈರಿಂಗ್ ಮೇಲೇ ಅನುಮಾನ. ಇಂಜಿನ್ ಆಫ್ ಮಾಡಿ ಕನೆಕ್ಟರ್ ಸಡಿಲವಾಗಿದೆಯಾ, ವೈರ್ ಉಜ್ಜಿ ಸವೆದಿದೆಯಾ ನೋಡಿ.

ಒಂದು ಎಚ್ಚರಿಕೆ: ಹಳೇ ಇಂಜಿನ್‌ನಲ್ಲಿ ಮಾಡುತ್ತಿದ್ದಂತೆ ಕಾಮನ್ ರೈಲ್ ಇಂಜಿನ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಇಂಜಿನ್) ಓಡುತ್ತಿರುವಾಗ ಇಂಜೆಕ್ಟರ್ ಪೈಪ್ ಸಡಿಲಿಸಬೇಡಿ. ಅದರಲ್ಲಿ 1000 ಬಾರ್‌ಗೂ ಜಾಸ್ತಿ ಒತ್ತಡ ಇರಬಹುದು. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಇಂಜಿನ್ ದೋಷ ಓದುವ ಸ್ಕ್ಯಾನರ್ ಹಾಕಿಸಿದವರು ಅದು ತೋರಿಸುವ ದೋಷದ ಕೋಡ್ ಅಳಿಸುವ ಮೊದಲು ಫೋಟೋ ತೆಗೆದು ಇಲ್ಲಿ ಹಾಕಿ.