ಫಾರ್ಮ್ ಹೋದ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯೋರು) ಬಗ್ಗೆ ಬರೆಯೋ ಮುಂಚೆ
ಎಲ್ರಿಗೂ ನಮಸ್ಕಾರ, ಎರಡು ಮ್ಯಾಚ್ ಕೆಟ್ಟ ತಕ್ಷಣ ಪಿಚರ್ ಕಥೆ ಮುಗೀತು ಅಂತ ಗ್ರೂಪಲ್ಲಿ ಹಾಕ್ಬೇಡಿ. ಮೊಣಕೈ ಲಿಗಮೆಂಟ್ ಹರಿದ್ರೆ ಟಾಮಿ ಜಾನ್ ಸರ್ಜರಿ (ಹರಿದ ಲಿಗಮೆಂಟ್ ಜಾಗಕ್ಕೆ ಬೇರೆ ಟೆಂಡನ್ ಹಾಕೋದು) ಇದೆ, ವರ್ಷದ ಮೇಲೆ ಹಿಡಿದ್ರೂ ಬಹಳ ಜನ ವಾಪಸ್ ಬರ್ತಾರೆ. ಕಷ್ಟ ಇರೋದು ಗಾಯಾನೇ ಇಲ್ದೆ ಗುರಿಗೆ ಎಸೆಯೋ ಕಂಟ್ರೋಲ್ ಹೋದಾಗ. ಪಿಟ್ಸ್‌ಬರ್ಗ್ ಟೀಮಿನ ಪಿಚರ್ ಸ್ಟೀವ್ ಬ್ಲಾಸ್ 1972ರಲ್ಲಿ 19 ಮ್ಯಾಚ್ ಗೆದ್ದೋರು, ಮುಂದಿನ ವರ್ಷ 88 ಚಿಲ್ಲರೆ ಇನಿಂಗ್ಸಲ್ಲಿ 84 ವಾಕ್ (ನಾಲ್ಕು ಎಸೆತ ಗುರಿ ತಪ್ಪಿ ಬ್ಯಾಟರ್‌ಗೆ ಪುಕ್ಸಟ್ಟೆ ಮೊದಲ ಬೇಸ್ ಸಿಗೋದು) ಕೊಟ್ರು, ಪಾಪ ಏನ್ ಮಾಡಿದ್ರೂ ಸರಿಹೋಗ್ಲೇ ಇಲ್ಲ. ಆದ್ರೆ ರಾಯ್ ಹ್ಯಾಲಡೆ ನೋಡಿ, 2000ದಲ್ಲಿ ಇಆರ್‌ಎ (ಒಂಬತ್ತು ಇನಿಂಗ್ಸಿಗೆ ಸರಾಸರಿ ಕೊಟ್ಟ ರನ್, ಕಮ್ಮಿ ಇದ್ದಷ್ಟೂ ಒಳ್ಳೇದು) 10.64, ಅವ್ರ ಟೀಮ್ ಟೊರೊಂಟೊದವ್ರು ಕೆಳಗಿನ ಲೀಗಿಗೆ ಕಳ್ಸಿದ್ರು, ಆಮೇಲೆ ಕೋಚ್ ಮೆಲ್ ಕ್ವೀನ್ ಅವ್ರು ತಲೆ ಮೇಲಿಂದ ನೇರ ಬರ್ತಿದ್ದ ಕೈನ ಸ್ವಲ್ಪ ಪಕ್ಕಕ್ಕೆ ಇಳಿಸಿ ಎಸೆಯೋದು ಕಲಿಸಿ, 2003ರಲ್ಲಿ ವರ್ಷದ ಬೆಸ್ಟ್ ಪಿಚರ್‌ಗೆ ಕೊಡೋ ಸೈ ಯಂಗ್ ಅವಾರ್ಡೇ ಬಂತು! ಇನ್ಮೇಲೆ ಸ್ಪೀಡ್ ಬಿದ್ದಿದ್ಯಾ, ವಾಕ್ ಜಾಸ್ತಿ ಆಗಿದ್ಯಾ ನೋಡ್ಕೊಂಡು ಬರೀರಿ ಪ್ಲೀಸ್.