ಐಡಲ್ ಅಂದರೆ ವಿಗ್ರಹವಲ್ಲ

ಮಾನ್ಯರೇ,

ಕೆ-ಪಾಪ್ (ಕೊರಿಯಾದ ಪಾಪ್ ಸಂಗೀತ) ಮೆಚ್ಚುವ ಮಕ್ಕಳಿಗೂ ದೈವಭಕ್ತ ಹೆತ್ತವರಿಗೂ ನಡೆಯುವ ಜಟಾಪಟಿಯಲ್ಲಿ ಅರ್ಧ ತಪ್ಪು ಒಂದು ಪದದ್ದು. ‘ಐಡಲ್’ ಎಂದು ಕಿವಿಗೆ ಬಿದ್ದ ಕೂಡಲೇ ದೊಡ್ಡವರ ಕಣ್ಣಮುಂದೆ ನಿಲ್ಲುವುದು ವಿಗ್ರಹ. ದೇವರಿರಬೇಕಾದ ಜಾಗದಲ್ಲಿ ಬಣ್ಣಬಣ್ಣದ ಕೂದಲಿನ ಹುಡುಗ ಬಂದು ಕೂತನಲ್ಲ ಎಂಬ ಸಂಕಟ. ಜಪಾನಿನಿಂದ ಕೊರಿಯಾಕ್ಕೆ ಬಂದ ಈ ಪದ ಅಲ್ಲಿ ಬರೀ ಕಸುಬಿನ ಹೆಸರು. ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಹಾಡು, ಕುಣಿತ ಕಲಿತು ವೇದಿಕೆಗೆ ಬರುವವರು ಐಡಲ್‌ಗಳು. ಅವರಿಗೆ ಕರಾರೂ ಉಂಟು. 2009ರಲ್ಲಿ ಅಲ್ಲಿನ ಫೇರ್ ಟ್ರೇಡ್ ಕಮಿಷನ್ ತಂದ ಮಾದರಿ ಕರಾರಿನಲ್ಲಿ ಅವಧಿ 7 ವರ್ಷ. ಏಳು ವರ್ಷಕ್ಕೆ ಕರಾರು ಮುಗಿಯುವ ದೇವರನ್ನು ಯಾವ ಧರ್ಮ ಒಪ್ಪೀತು?

ಆದರೂ ಹೊರಗಿನವರಿಗೆ ಇದು ಪೂಜೆಯಂತೆ ಕಾಣುತ್ತದೆ, ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡುವುದು ಒಳ್ಳೆಯದು. ಫ್ಯಾನ್‌ಚಾಂಟ್, ಅಂದರೆ ಹಾಡಿನ ನಡುವೆ ಅಭಿಮಾನಿಗಳು ಕೂಡಿ ಹಾಕುವ ಕೂಗು, ತೆಗೆದುಕೊಳ್ಳಿ. ಏಳು ಹುಡುಗರ ತಂಡ ಬಿಟಿಎಸ್‌ನ ಅಭಿಮಾನಿಗಳು ‘ಕಿಮ್ ನಾಮ್‌ಜೂನ್, ಕಿಮ್ ಸೋಕ್‌ಜಿನ್, ಮಿನ್ ಯೂನ್‌ಗಿ...’ ಎಂದು ಏಳೂ ಹೆಸರು ಕೂಗಿ ಕೊನೆಗೆ ‘ಬಿಟಿಎಸ್’ ಅನ್ನುತ್ತಾರೆ. ಬಾಗಿಲಾಚೆ ನಿಂತ ಅಮ್ಮನ ಕಿವಿಗೆ ಅದು ನಾಮಜಪವೇ ಸರಿ. ನಿಜದಲ್ಲಿ ಅದು ತಾಳದ ಲೆಕ್ಕ: ಗಾಯಕರು ಬಾಯಿ ತೆರೆಯದ ಖಾಲಿ ಜಾಗಕ್ಕೆ ಹೊಂದುವಂತೆ ಕೂಗನ್ನು ಕೂಡಿಸಿರುತ್ತಾರೆ. ಎಲ್ಲಿ ಕೂಗಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ಪಟ್ಟಿಯನ್ನು ಎಷ್ಟೋ ಸಲ ಕಂಪನಿಯೇ ಕೊಡುತ್ತದೆ. ಕತ್ತಲಲ್ಲಿ ಸಾವಿರಾರು ಜನ ಎತ್ತಿ ಹಿಡಿಯುವ ದೀಪದ ಕೋಲು, ಅಂದರೆ ಲೈಟ್‌ಸ್ಟಿಕ್ ಕೂಡ ಹಾಗೆಯೇ. ಆ್ಯಪ್‌ನಲ್ಲಿ ಸೀಟ್ ನಂಬರ್ ಕೊಟ್ಟು ಜೋಡಿಸಿದ ಮೇಲೆ ಅದರ ಬಣ್ಣ ಬದಲಿಸುವವರು ಕಾರ್ಯಕ್ರಮದ ತಂತ್ರಜ್ಞರು. ಹಿಡಿದವರ ಭಕ್ತಿಗೆ ಅಲ್ಲಿ ಕೆಲಸವಿಲ್ಲ.

ಮನೆಯಲ್ಲಿ ಕಿಡಿ ಹೊತ್ತಿಸುವುದು ಮಾತ್ರ ಕಪಾಟು. ಶೆಲ್ಫಿನ ನಡುವೆ ಫೋಟೊ, ಎರಡೂ ಪಕ್ಕ ಆಲ್ಬಂ, ಮುಂದೆ ಉರಿಯುವ ಲೈಟ್‌ಸ್ಟಿಕ್. ಹೀಗಿಟ್ಟು ‘ಇದು ಪೂಜೆಯಲ್ಲ’ ಅಂದರೆ ಯಾರು ನಂಬುತ್ತಾರೆ? ಆಲ್ಬಂ ಒಳಗೆ ಬರುವ ಕಲಾವಿದರ ಚಿಕ್ಕ ಫೋಟೊಗಳನ್ನು, ಅಂದರೆ ಫೋಟೊಕಾರ್ಡುಗಳನ್ನು, ಬೈಂಡರಿಗೆ ಹಾಕಿ. ಸಾಮಾನ್ಯವಾಗಿ ಕಾರ್ಡಿನ ಅಳತೆ 55×85 ಮಿ.ಮೀ., ಒಂಬತ್ತು ಜೇಬಿನ ಹಾಳೆ ಅದಕ್ಕೆ ಸರಿಹೋಗುತ್ತದೆ. ಪಿವಿಸಿ ಹಾಳೆ ಬೇಡ, ಅದನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಬರಬರುತ್ತಾ ಹೊರಗೆ ಜಿನುಗಿ ಮುದ್ರಣಕ್ಕೆ ಅಂಟಿಕೊಳ್ಳುತ್ತದೆ, ಪಾಲಿಪ್ರೊಪಿಲೀನ್ ಇರಲಿ. ಗೋಡೆಗೆ ಅಂಟಿಸಿದ್ದು ಬಿಸಿಲಿಗೆ ಬಣ್ಣ ಕಳೆದುಕೊಳ್ಳುವುದೂ ಇಲ್ಲಿ ತಪ್ಪುತ್ತದೆ. ಲೈಟ್‌ಸ್ಟಿಕ್‌ನ ಸೆಲ್ ತೆಗೆದಿಡಿ, ಬಿಟ್ಟರೆ ಸೋರಿ ಒಳಗಿನ ತಗಡು ಕಿಲುಬು ಹಿಡಿಯುತ್ತದೆ. ಪುಸ್ತಕದ ಸಾಲಿನಲ್ಲಿ ನಿಂತ ಬೈಂಡರ್ ಅಂಚೆಚೀಟಿ ಸಂಗ್ರಹದಂತೆ ಕಾಣುತ್ತದೆ. ಅದು ಇರುವುದೂ ಹಾಗೆಯೇ.

‘ಈ ಹಾಡುಗಾರರದು ಯಾವ ಧರ್ಮ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ದಕ್ಷಿಣ ಕೊರಿಯಾದ 2015ರ ಜನಗಣತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಧರ್ಮವಿಲ್ಲ ಎಂದು ಬರೆಸಿದರು. ಉಳಿದವರಲ್ಲಿ ಹೆಚ್ಚಿನವರು ಕ್ರೈಸ್ತರು, ಬೌದ್ಧರು. ಸೂಪರ್ ಜೂನಿಯರ್ ತಂಡದ ಚೋಯ್ ಸಿವೊನ್ ತನ್ನ ಕ್ರೈಸ್ತ ನಂಬಿಕೆಯನ್ನು ಬಚ್ಚಿಟ್ಟವರಲ್ಲ. ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ಸಂಗತಿ ಅಕ್ಕಿಯದು. ಕಾರ್ಯಕ್ರಮಕ್ಕೆ ಹೂವಿನ ದೊಡ್ಡ ಹಾರ ಕಳಿಸುವ ಬದಲು ಕೊರಿಯಾದ ಅಭಿಮಾನಿಗಳು ಅಕ್ಕಿ ಮೂಟೆ ಕಳಿಸುತ್ತಾರೆ, ಅದು ಕಲಾವಿದರ ಹೆಸರಿನಲ್ಲಿ ಬಡವರಿಗೆ ಹೋಗುತ್ತದೆ. ದಾನ ಗೊತ್ತಿರುವ ಮನೆಯಲ್ಲಿ ಇದನ್ನು ವಿವರಿಸಿ ಹೇಳಬೇಕಿಲ್ಲ.

ಹೆತ್ತವರ ಮಾತು ಸರಿ ಇರುವ ಕಡೆ ಮಕ್ಕಳು ವಾದ ಹೂಡಬಾರದು. ಆಲ್ಬಂ ಮಾರಾಟದ ಚಾಲಾಕಿತನ ಅಂಥದ್ದು. ಒಂದೇ ಆಲ್ಬಂ ಮೂರು ನಾಲ್ಕು ಬಗೆಯ ರಟ್ಟಿನಲ್ಲಿ ಬರುತ್ತದೆ, ಒಳಗೆ ಯಾರ ಫೋಟೊಕಾರ್ಡ್ ಇದೆಯೆಂಬುದು ಬಿಚ್ಚುವ ತನಕ ಗೊತ್ತಿಲ್ಲ. ಏಳು ಜನರ ತಂಡದಲ್ಲಿ ನಿಮ್ಮ ಬಯಾಸ್ (ಅಚ್ಚುಮೆಚ್ಚಿನವರು) ಸಿಗುವ ಸಾಧ್ಯತೆ ಏಳರಲ್ಲಿ ಒಂದು. ಕಲಾವಿದರನ್ನು ಕಂಡು ಸಹಿ ಪಡೆಯುವ ಫ್ಯಾನ್‌ಸೈನ್ ಲಾಟರಿಯಲ್ಲಿ ಒಂದು ಆಲ್ಬಂಗೆ ಒಂದು ಚೀಟಿ, ಆದ್ದರಿಂದಲೇ ಜನ ಪೆಟ್ಟಿಗೆಗಟ್ಟಲೆ ಕೊಂಡು ಸಿಡಿ ಎಸೆಯುತ್ತಾರೆ. ಇದು ಜೂಜಿನ ತಮ್ಮ ಎಂದು ಅಪ್ಪ ಅಂದರೆ ನಮ್ಮದೂ ಹೂಂ. ಕಂಬ್ಯಾಕ್‌ಗೆ (ಹೊಸ ಹಾಡು, ಆಲ್ಬಂ ಬಿಡುಗಡೆಗೆ) ಒಂದೇ ಪ್ರತಿ ಎಂದು ಮೊದಲೇ ಮಾತು ಕೊಟ್ಟು, ಬೇಕಾದ ಕಾರ್ಡನ್ನು ಬೇರೆ ಅಭಿಮಾನಿಗಳ ಜತೆ ಅದಲು ಬದಲು ಮಾಡಿಕೊಳ್ಳುವುದು ವಾಸಿ.

ಹೆತ್ತವರಿಗೆ ತೋರಿಸುವುದಾದರೆ ಮ್ಯೂಸಿಕ್ ವಿಡಿಯೊದಿಂದ ಶುರು ಮಾಡಬೇಡಿ. ಮಿಂಚುವ ಬೆಳಕು, ವೇಷ ನೋಡಿಯೇ ಅವರು ಎದ್ದು ಹೋಗುತ್ತಾರೆ. ಹಾಡಿನ ಅನುವಾದ ಬರೆದ ಹಾಳೆ ಮೊದಲು ಕೊಡಿ, ಒಪ್ಪಲಾಗದ ಸಾಲಿದ್ದರೆ ಅದನ್ನೂ ಬಿಡದೆ ಬರೆಯಿರಿ. ಆಮೇಲೆ ಸಂದರ್ಶನದ ತುಣುಕೊಂದು: ನಾಯಕ ‘ದುಲ್, ಸೆತ್’ (ಎರಡು, ಮೂರು) ಎಂದು ಎಣಿಸಿದೊಡನೆ ತಂಡವೆಲ್ಲ ಒಂದೇ ದನಿಯಲ್ಲಿ ಹೆಸರು ಹೇಳಿ, ಸೊಂಟ ಬಗ್ಗಿಸಿ ನಮಸ್ಕರಿಸುವ ಆ ಹತ್ತು ಸೆಕೆಂಡು. ಪ್ರಾರ್ಥನೆಯ ಹೊತ್ತಿಗೆ ಮಾತ್ರ ಬೇಡ.

– ಕೆ-ಪಾಪ್ ಕೇಳುಗರು