ಪರೀಕ್ಷೆಯ ದರವೊಂದನ್ನೇ ನೋಡಿದರೆ ಸಾಲದು

ಸಂಪಾದಕರಿಗೆ,

ಮಾನ್ಯರೆ,

ರಕ್ತ, ಮೂತ್ರ ಮೊದಲಾದ ಪರೀಕ್ಷೆಗಳ ದರ ಇಳಿಯಬೇಕೆಂಬ ಒತ್ತಾಯ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಆ ಒತ್ತಾಯ ನ್ಯಾಯವಾದದ್ದೇ. ಔಷಧಿಗೆಂದು ಎತ್ತಿಟ್ಟ ಹಣ ಪರೀಕ್ಷೆಗಳಿಗೇ ಮುಗಿದುಹೋಗಿ ಬರಿಗೈಯಲ್ಲಿ ನಿಂತವರನ್ನು ನಾನು ಕಂಡಿದ್ದೇನೆ. ಆದರೆ ಈ ಚರ್ಚೆಯಲ್ಲಿ ಒಂದು ಪರೀಕ್ಷೆಗೆ ಎಷ್ಟು ಎಂಬ ಪ್ರಶ್ನೆಯೊಂದೇ ಇರುತ್ತದೆ. ತೆಗೆದ ರಕ್ತ ಎಷ್ಟು ಹೊತ್ತು ಮೇಜಿನ ಮೇಲೆ ಉಳಿದಿತ್ತು, ಯಂತ್ರ ಸರಿಯಾಗಿ ಅಳೆಯುತ್ತಿದೆಯೆಂದು ಆ ಬೆಳಿಗ್ಗೆ ಯಾರಾದರೂ ಖಚಿತಪಡಿಸಿಕೊಂಡಿದ್ದರೇ, ವರದಿ ವೈದ್ಯರ ಕೈ ಸೇರುವ ಹೊತ್ತಿಗೆ ಅದರಿಂದ ಇನ್ನೂ ಪ್ರಯೋಜನವಿತ್ತೇ ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಜೀವರಸಾಯನ ಪ್ರಯೋಗಾಲಯದಲ್ಲಿ ದುಡಿದ ನನಗೆ ಮನದಟ್ಟಾಗಿರುವುದು ಇಷ್ಟು: ಗುಣಮಟ್ಟವನ್ನು ಒಬ್ಬರು, ವೆಚ್ಚವನ್ನು ಇನ್ನೊಬ್ಬರು, ಸೇವೆ ಎಲ್ಲರಿಗೂ ಸಿಗುವುದನ್ನು ಮತ್ತೊಬ್ಬರು ನೋಡಿಕೊಳ್ಳಲಿ ಎಂದು ಬಿಟ್ಟಾಗಲೆಲ್ಲ ಮೂರೂ ಕೆಡುತ್ತವೆ. ನಂಬಬಹುದಾದ ಒಂದು ಫಲಿತಾಂಶ ಬೇಕಾದ ಹೊತ್ತಿಗೆ ರೋಗಿಗೆ ತಲುಪಲು ಒಟ್ಟು ಎಷ್ಟು ಖರ್ಚಾಗುತ್ತದೆ ಎಂಬುದೇ ನಾವು ಹಾಕಬೇಕಾದ ಲೆಕ್ಕ.

ನಾನು ಕೆಲಸಕ್ಕಿದ್ದ ಕಡೆ ಒಂದು ಮಧ್ಯಾಹ್ನ ವಾರ್ಡಿನಿಂದ ಬಂದ ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 9 ಮಿಲಿಮೋಲ್ ದಾಟಿತ್ತು. ಆರೋಗ್ಯವಂತರಲ್ಲಿ ಅದು ಸುಮಾರು 3.5ರಿಂದ 5ರೊಳಗೆ ಇರುತ್ತದೆ. 9 ಎಂದರೆ ಹೃದಯದ ಬಡಿತವೇ ನಿಲ್ಲಬಹುದಾದ ಮಟ್ಟ. ಯಂತ್ರದಲ್ಲಿ ದೋಷವಿರಲಿಲ್ಲ, ಬೆಳಗಿನ ಕಂಟ್ರೋಲ್‌ಗಳೆಲ್ಲ, ಅಂದರೆ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಮಾದರಿಗಳೆಲ್ಲ, ಮಿತಿಯೊಳಗೇ ಇದ್ದವು. ಆದರೆ ಅದೇ ಮಾದರಿಯಲ್ಲಿ ಕ್ಯಾಲ್ಸಿಯಂ ನಂಬಲಾಗದಷ್ಟು ಕಡಿಮೆ ಇದ್ದುದನ್ನು ಗಮನಿಸಿದ ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ವರದಿಯನ್ನು ತಡೆದು ವಾರ್ಡಿಗೆ ಫೋನ್ ಮಾಡಿದರು. ನಮ್ಮ ಪರೀಕ್ಷೆಯ ಟ್ಯೂಬಿಗೆ ರಕ್ತ ಸಾಲದೆಂದು, ರಕ್ತಕಣಗಳ ಎಣಿಕೆಗಾಗಿ ಇಡಿಟಿಎ ಎಂಬ ರಾಸಾಯನಿಕವಿರುವ ಇನ್ನೊಂದು ಟ್ಯೂಬಿಗೆ ಹಾಕಿದ್ದ ರಕ್ತದಲ್ಲಿ ಸ್ವಲ್ಪವನ್ನು ವಾರ್ಡಿನವರು ಅದಕ್ಕೆ ಸುರಿದಿದ್ದರು. ಎಣಿಕೆಯ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಟ್ಟಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣ. ಅದು ಬೆರೆತರೆ ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಂಡು ಅಳತೆಗೆ ಸಿಗದೆ ಹೋಗುತ್ತದೆ. ಮತ್ತೆ ತೆಗೆದ ರಕ್ತದಲ್ಲಿ ಪೊಟ್ಯಾಸಿಯಂ 4.2 ಇತ್ತು. ಮೊದಲ ವರದಿ ಹಾಗೆಯೇ ಹೊರಟಿದ್ದರೆ ಇಲ್ಲದ ತೊಂದರೆಗೆ ಚಿಕಿತ್ಸೆ ನಡೆದು, ಆ ಚಿಕಿತ್ಸೆಯಿಂದಲೇ ರೋಗಿಯ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದಾಗಿತ್ತು. ಫೋನಿಗೆ ಹಿಡಿದದ್ದು ಎರಡು ನಿಮಿಷ. ಆ ಎರಡು ನಿಮಿಷಕ್ಕೆ ಯಾವ ದರಪಟ್ಟಿಯಲ್ಲೂ ಜಾಗವಿಲ್ಲ. ಸಿಬ್ಬಂದಿಯನ್ನು ಕಡಿಮೆ ಮಾಡಿದಾಗ ಮೊದಲು ಕಳೆದುಹೋಗುವುದೂ ಅದೇ.

ಇದು ಅಪರೂಪದ ಪ್ರಸಂಗವೆಂದು ಓದುಗರು ತಿಳಿಯಬಾರದು. ಇಟಲಿಯ ಪಡುವಾದಲ್ಲಿ ಪ್ಲೆಬಾನಿ ಮತ್ತು ಕರಾರೋ ಎಂಬ ಇಬ್ಬರು ತಜ್ಞರು ತುರ್ತು ಪರೀಕ್ಷೆಗಳ ಪ್ರಯೋಗಾಲಯವೊಂದರ ತಪ್ಪುಗಳನ್ನು ಹಂತಹಂತವಾಗಿ ಎಣಿಸಿ 1997ರಲ್ಲಿ ಪ್ರಕಟಿಸಿದರು. ಶೇ 68ರಷ್ಟು ತಪ್ಪುಗಳು ಮಾದರಿ ಯಂತ್ರದೊಳಗೆ ಹೋಗುವ ಮೊದಲೇ ಆಗಿದ್ದವು. ಅಳತೆಯ ಹಂತದ ತಪ್ಪುಗಳು ಶೇ 13 ಮಾತ್ರ. ಹತ್ತು ವರ್ಷಗಳ ಬಳಿಕ ಅದೇ ಲೆಕ್ಕವನ್ನು ಮತ್ತೆ ಮಾಡಿದಾಗಲೂ ಚಿತ್ರ ಹೆಚ್ಚು ಬದಲಾಗಿರಲಿಲ್ಲ. ರೋಗಿಯ ಹೆಸರು ಅದಲು ಬದಲಾಗುವುದು, ರಟ್ಟೆಗೆ ಪಟ್ಟಿಯನ್ನು ಬಹಳ ಹೊತ್ತು ಬಿಗಿದಿರುವುದು, ಸಿರಿಂಜನ್ನು ಜೋರಾಗಿ ಒತ್ತಿ ಕೆಂಪು ರಕ್ತಕಣಗಳನ್ನು ಒಡೆಯುವುದು, ಮಾದರಿಯನ್ನು ಬಿಸಿಲಿನಲ್ಲಿ ಸಾಗಿಸುವುದು, ಎಲ್ಲವೂ ಈ ಲೆಕ್ಕಕ್ಕೇ ಸೇರುತ್ತವೆ. ಸಕ್ಕರೆಯ ಪರೀಕ್ಷೆಯನ್ನೇ ನೋಡಿ. ಟ್ಯೂಬಿನಲ್ಲಿರುವ ರಕ್ತಕಣಗಳು ಇನ್ನೂ ಜೀವಂತವಾಗಿದ್ದು ಗ್ಲೂಕೋಸನ್ನು ಬಳಸಿಕೊಳ್ಳುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆ ಕರಗಿಹೋಗುತ್ತದೆ. ಇದನ್ನು ತಡೆಯಲೆಂದು ಹಾಕುವ ಫ್ಲೋರೈಡ್ ಕೂಡ ಮೊದಲ ಒಂದೆರಡು ಗಂಟೆ ಪೂರ್ತಿಯಾಗಿ ಕೆಲಸ ಮಾಡುವುದಿಲ್ಲ. ಹೀಗಿರುವಾಗ ಹಲವು ಗಂಟೆ ಪಯಣಿಸಿ ಬಂದ ರಕ್ತವನ್ನು ಎಷ್ಟೇ ದುಬಾರಿ ಅನಲೈಜರ್‌ನಲ್ಲಿ ಇಟ್ಟರೂ ಅದು ಅಳೆಯುವುದು ಟ್ಯೂಬಿನಲ್ಲಿ ಉಳಿದ ಸಕ್ಕರೆಯನ್ನೇ. ಮಧುಮೇಹವಿರುವವರಿಗೆ ಇಲ್ಲವೆಂದು ಹೇಳಿಕಳಿಸುವುದು ಹೀಗೂ ಆಗುತ್ತದೆ. ಹಣವೆಲ್ಲ ಯಂತ್ರಕ್ಕೆ ಹೋಗಿ, ರಕ್ತ ತೆಗೆಯುವವರ ತರಬೇತಿಗೆ, ಸಾಗಣೆಯ ತಂಪುಪೆಟ್ಟಿಗೆಗೆ, ರಕ್ತಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜಿಗೆ ಏನೂ ಉಳಿಯದಿದ್ದರೆ ಆ ಯಂತ್ರದಿಂದ ಆಗುವ ಲಾಭ ತೀರಾ ಅಲ್ಪ.

ಯಂತ್ರದೊಳಗಿನ ಅಳತೆ ಇಂದು ಇಷ್ಟು ಸುಧಾರಿಸಿದೆಯೆಂದರೆ ಅದೂ ತಾನಾಗಿ ಆದದ್ದಲ್ಲ. 1947ರಲ್ಲಿ ಬೆಲ್ಕ್ ಮತ್ತು ಸಂಡರ್ಮನ್ ಅಮೆರಿಕದ ಪೆನ್ಸಿಲ್ವೇನಿಯಾದ ಪ್ರಯೋಗಾಲಯಗಳಿಗೆ ಒಂದೇ ದ್ರಾವಣಗಳನ್ನು ಕಳಿಸಿ ಅಳೆಯಲು ಕೇಳಿದಾಗ, ಒಪ್ಪಬಹುದಾದ ಉತ್ತರಗಳಿಗಿಂತ ಒಪ್ಪಲಾಗದ ಉತ್ತರಗಳೇ ಹೆಚ್ಚಾಗಿ ಬಂದವು. 1950ರಲ್ಲಿ ಲೀವಿ ಮತ್ತು ಜೆನ್ನಿಂಗ್ಸ್ ದಿನದಿನದ ಅಳತೆಗಳನ್ನು ಗುರುತಿಸಿ ಏರುಪೇರು ಕಂಡುಕೊಳ್ಳುವ, ಕಾರ್ಖಾನೆಗಳ ಗುಣನಿಯಂತ್ರಣ ನಕ್ಷೆಯನ್ನು ಪ್ರಯೋಗಾಲಯಕ್ಕೆ ತಂದರು. 1981ರಲ್ಲಿ ವೆಸ್ಟ್‌ಗಾರ್ಡ್ ಅದನ್ನು ಓದುವ ನಿಯಮಗಳನ್ನು ರೂಪಿಸಿದರು. ಈ ನಿಯಮಗಳು ಖರ್ಚು ಹೆಚ್ಚಿಸುತ್ತವೆ ಎಂಬ ದೂರು ಸರಿಯಲ್ಲ. ಈ ನಿಯಮಗಳನ್ನು ಬಿಟ್ಟು, ಎರಡು ಕಂಟ್ರೋಲ್ ಇಟ್ಟು, ಯಾವುದಾದರೂ ಒಂದು ಎರಡು ಮಾನಕ ವಿಚಲನೆ (ಅಳತೆಗಳು ಸರಾಸರಿಯಿಂದ ಸಾಮಾನ್ಯವಾಗಿ ಚದುರುವ ಪ್ರಮಾಣ) ದಾಟಿದೊಡನೆ ಕೆಲಸ ನಿಲ್ಲಿಸುವ ಪದ್ಧತಿಯಲ್ಲಿ, ಎಲ್ಲವೂ ಸರಿಯಿದ್ದಾಗಲೂ ನೂರರಲ್ಲಿ ಸುಮಾರು ಒಂಬತ್ತು ಬಾರಿ ಸುಳ್ಳು ಎಚ್ಚರಿಕೆ ಬರುತ್ತದೆ. ಆಗ ಸಿಬ್ಬಂದಿ ಕಂಟ್ರೋಲನ್ನು ಮಿತಿಯೊಳಗೆ ಬರುವವರೆಗೂ ಮತ್ತೆ ಮತ್ತೆ ಹಾಕುತ್ತಾರೆ, ಪರೀಕ್ಷೆಗೆ ಬಳಸುವ ರಾಸಾಯನಿಕ, ಅಂದರೆ ರೀಏಜೆಂಟ್, ವ್ಯರ್ಥವಾಗುತ್ತದೆ, ಕೊನೆಗೆ ನಿಜವಾದ ದೋಷ ಬಂದಾಗಲೂ ಇದು ಹಾಗೆಯೇ ಇರಬೇಕು ಎಂಬ ಉದಾಸೀನ ಬೆಳೆಯುತ್ತದೆ. ತಿಳಿದು ಮಾಡಿದ ಗುಣನಿಯಂತ್ರಣದಿಂದ ಹಣ ಉಳಿಯುತ್ತದೆ. ಕಂಟ್ರೋಲ್ ಇಡುವುದನ್ನೇ ಬಿಟ್ಟು ಉಳಿಸಿದ ಹಣವನ್ನು ಮಾತ್ರ ಮುಂದೆ ರೋಗಿಯೇ ತೆರಬೇಕಾಗುತ್ತದೆ.

ದರದ ಒತ್ತಡ ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಪ್ರತಿಯೊಬ್ಬ ಆಡಳಿತಗಾರನಿಗೂ ನೆನಪಿರಬೇಕು. ಗರ್ಭಕಂಠದ ಕ್ಯಾನ್ಸರನ್ನು ಮುಂಚೆಯೇ ಪತ್ತೆಹಚ್ಚುವ ಪ್ಯಾಪ್ ಪರೀಕ್ಷೆಯ ಸ್ಲೈಡುಗಳನ್ನು ಅಗ್ಗದ ದರಕ್ಕೆ ರಾಶಿರಾಶಿಯಾಗಿ ಓದಿಸುತ್ತಿದ್ದ ಪ್ರಯೋಗಾಲಯಗಳ ಬಗ್ಗೆ 1987ರಲ್ಲಿ ಪತ್ರಿಕೆಯೊಂದು ವಿವರವಾಗಿ ಬರೆಯಿತು. ಸೂಕ್ಷ್ಮದರ್ಶಕದ ಮುಂದೆ ಕುಳಿತವರಿಗೆ ಸ್ಲೈಡ್ ಲೆಕ್ಕದಲ್ಲಿ ಕೂಲಿ. ಹೆಚ್ಚು ನೋಡಿದರೆ ಹೆಚ್ಚು ಹಣ. ದಣಿದ ಕಣ್ಣಿಗೆ ಕ್ಯಾನ್ಸರಿನ ಕೋಶಗಳು ತಪ್ಪಿಹೋದವು, ಸಮಯಕ್ಕೆ ಚಿಕಿತ್ಸೆ ಸಿಗಬೇಕಾದ ಹೆಣ್ಣುಮಕ್ಕಳಿಗೆ ಎಲ್ಲವೂ ಸರಿಯಾಗಿದೆಯೆಂಬ ವರದಿ ಹೋಯಿತು. ಮರುವರ್ಷವೇ ಅಲ್ಲಿನ ಸಂಸತ್ತು ಪ್ರಯೋಗಾಲಯಗಳ ಕಾಯಿದೆಯನ್ನು ಬಿಗಿಗೊಳಿಸಿತು. ಅದರ ನಿಯಮಗಳಂತೆ ಒಬ್ಬರು ದಿನವೊಂದಕ್ಕೆ ನೂರಕ್ಕಿಂತ ಹೆಚ್ಚು ಸ್ಲೈಡ್ ನೋಡುವಂತಿಲ್ಲ, ಆ ನೂರನ್ನೂ ಎಂಟು ಗಂಟೆಗಿಂತ ಕಡಿಮೆ ಸಮಯದಲ್ಲಿ ಮುಗಿಸುವಂತಿಲ್ಲ. ಕೆಲಸಗಾರರ ವೇಗಕ್ಕೆ ಕಾನೂನೇ ಮಿತಿ ಹಾಕಬೇಕಾಗಿ ಬಂದ ಈ ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ.

ಹಾಗಾದರೆ ಹಣ ಉಳಿಸುವುದೆಲ್ಲಿ? ಬೇಡದ ಪರೀಕ್ಷೆಗಳಲ್ಲಿ ಮತ್ತು ಮತ್ತೆ ಮತ್ತೆ ಮಾಡಿಸುವ ಪರೀಕ್ಷೆಗಳಲ್ಲಿ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ವರದಿಯ ಬದಿಯಲ್ಲಿ ಅಚ್ಚಾಗಿರುವ ಸಾಮಾನ್ಯ ಮಿತಿಯನ್ನು ಬಹುಮಟ್ಟಿಗೆ ಆರೋಗ್ಯವಂತರ ಪೈಕಿ ನಡುವಿನ ಶೇ 95 ಜನರ ಅಳತೆಯಿಂದ ಗೊತ್ತುಮಾಡಿರುತ್ತಾರೆ. ಅಂದರೆ ಯಾವ ಕಾಯಿಲೆಯೂ ಇಲ್ಲದ ಇಪ್ಪತ್ತು ಜನರಲ್ಲಿ ಒಬ್ಬರು ಆ ಮಿತಿಯ ಹೊರಗೇ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಬ್ಬ ಆರೋಗ್ಯವಂತರಿಗೆ ಒಟ್ಟಿಗೆ ಮಾಡಿದರೆ, ಕನಿಷ್ಠ ಒಂದಾದರೂ ಮಿತಿ ಮೀರಿ ಬರುವ ಸಾಧ್ಯತೆ ಶೇ 64. ಕಡಿಮೆ ದರದ ದೊಡ್ಡ ಪ್ಯಾಕೇಜ್ ಕೊಂಡವರು ದಪ್ಪ ಅಕ್ಷರದಲ್ಲಿ ಮುದ್ರಿತವಾದ ಒಂದು ಸಂಖ್ಯೆ ಹಿಡಿದು ತಜ್ಞರಿಂದ ತಜ್ಞರಿಗೆ ಅಲೆಯುವುದು, ಸ್ಕ್ಯಾನ್ ಮಾಡಿಸುವುದು, ನಿದ್ದೆ ಕಳೆದುಕೊಳ್ಳುವುದು ಇಲ್ಲಿಂದಲೇ ಶುರುವಾಗುತ್ತದೆ. ಅಗ್ಗವಾಗಿ ಸಿಕ್ಕಿದ್ದು ಎಷ್ಟು ದುಬಾರಿಯಾಯಿತೆಂದು ಆಮೇಲೆ ಯಾರೂ ಲೆಕ್ಕ ಹಾಕುವುದಿಲ್ಲ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ವಾರವಾರಕ್ಕೆ ಮಾಡಿಸುವುದರಲ್ಲಿ ಅರ್ಥವಿಲ್ಲ. ಯಾವ ಪರೀಕ್ಷೆಯನ್ನು ಎಷ್ಟು ದಿನದ ಒಳಗೆ ಮತ್ತೆ ಮಾಡಬೇಕಾಗಿಲ್ಲ ಎಂಬ ಪಟ್ಟಿಯನ್ನು ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಅಳವಡಿಸಿದರೆ, ಬರೆಯುವ ವೈದ್ಯರಿಗೆ ಆ ಗಳಿಗೆಯಲ್ಲೇ ನೆನಪು ಮಾಡಿಕೊಡಬಹುದು.

ಒಂದು ಪ್ರಯೋಗಾಲಯದ ಫಲಿತಾಂಶವನ್ನು ಇನ್ನೊಂದು ಆಸ್ಪತ್ರೆ ನಂಬದೆ ಅದೇ ಪರೀಕ್ಷೆಯನ್ನು ಮತ್ತೆ ಬರೆಯುವುದೂ ಇಂಥದೇ ನಷ್ಟ, ಆದರೆ ಇಲ್ಲಿ ವೈದ್ಯರನ್ನು ಮಾತ್ರ ದೂರುವುದು ತಪ್ಪು. ಬೇರೆ ಬೇರೆ ವಿಧಾನಗಳು ಬೇರೆ ಬೇರೆ ಸಂಖ್ಯೆ ಕೊಡುತ್ತಿದ್ದರೆ ಅವರು ನಂಬುವುದಾದರೂ ಹೇಗೆ? ಮೇಲೆ ಹೇಳಿದ ಎಚ್‌ಬಿಎ1ಸಿ ಪರೀಕ್ಷೆಯೇ ಒಂದು ಕಾಲದಲ್ಲಿ ಹಾಗಿತ್ತು. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳ ತೊಂದರೆ ತಗ್ಗುತ್ತದೆ ಎಂದು 1993ರಲ್ಲಿ ದೊಡ್ಡ ಅಧ್ಯಯನವೊಂದು ತೋರಿಸಿಕೊಟ್ಟ ಮೇಲೆ, ಎಲ್ಲ ವಿಧಾನಗಳನ್ನೂ ಆ ಅಧ್ಯಯನದ ಅಳತೆಗೆ ಹೊಂದಿಸುವ ಕಾರ್ಯಕ್ರಮ 1996ರಲ್ಲಿ ಆರಂಭವಾಯಿತು. ಇಂದು ಆ ಸಂಖ್ಯೆಗೆ ಎಲ್ಲೆಡೆ ಒಂದೇ ಅರ್ಥವಿದ್ದರೆ ಅದು ಆ ತಾಳ್ಮೆಯ ಕೆಲಸದ ಫಲ. ಇನ್ನೂ ಅನೇಕ ಹಾರ್ಮೋನು ಪರೀಕ್ಷೆಗಳು ಆ ಹಂತ ಮುಟ್ಟಿಲ್ಲ.

ಎಲ್ಲರಿಗೂ ಸೇವೆ ಸಿಗುವ ಪ್ರಶ್ನೆ ಗುಣಮಟ್ಟ, ವೆಚ್ಚ ಇವೆರಡಕ್ಕಿಂತ ಕಠಿಣವಾದದ್ದು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗವು 2021ರಲ್ಲಿ ಜಗತ್ತಿನ ಶೇ 47ರಷ್ಟು ಜನರಿಗೆ ರೋಗನಿರ್ಣಯದ ಸೌಲಭ್ಯ ಇಲ್ಲವೇ ಇಲ್ಲ ಅಥವಾ ಅತ್ಯಲ್ಪ ಎಂದು ಅಂದಾಜು ಮಾಡಿತು. ದೊಡ್ಡ ಕೇಂದ್ರ ಪ್ರಯೋಗಾಲಯಗಳನ್ನು ಕಟ್ಟಿದರೆ ಪ್ರತಿ ಪರೀಕ್ಷೆಯ ವೆಚ್ಚ ಇಳಿಯುತ್ತದೆ ಎಂಬುದು ನಿಜ. ದಿನಕ್ಕೆ ಐದು ಮಾದರಿ ಇರಲಿ, ಐನೂರು ಇರಲಿ, ಯಂತ್ರಕ್ಕೆ ಬೆಳಗಿನ ಕ್ಯಾಲಿಬ್ರೇಶನ್ (ಅಳತೆಯನ್ನು ಸರಿಹೊಂದಿಸುವುದು) ಮತ್ತು ಕಂಟ್ರೋಲ್ ಇಡಲೇಬೇಕು. ಕೆಲಸವಿಲ್ಲದ ಯಂತ್ರದ ಪ್ರತಿ ಫಲಿತಾಂಶವೂ ದುಬಾರಿಯೇ. ಆದರೆ ಎಲ್ಲ ಪರೀಕ್ಷೆಗಳೂ ದೂರ ಪ್ರಯಾಣವನ್ನು ತಾಳಲಾರವು. ಥೈರಾಯ್ಡ್ ಪರೀಕ್ಷೆಗೆ ಬೇರ್ಪಡಿಸಿದ ಸೀರಮ್, ಅಂದರೆ ರಕ್ತದ ತಿಳಿ ದ್ರವ, ತಂಪಿನಲ್ಲಿ ಕಾಯಬಲ್ಲದು. ಅಪಧಮನಿಯಿಂದ ತೆಗೆದ ರಕ್ತದ ಅನಿಲಗಳನ್ನು ಅರ್ಧ ಗಂಟೆಯೊಳಗೆ ಅಳೆಯಬೇಕು. ಹೃದಯಾಘಾತದ ಶಂಕೆಯಿದ್ದವರ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಬರುವ ಪ್ರೋಟೀನು) ಫಲಿತಾಂಶ ಮರುದಿನ ಬಂದರೆ ಅದು ಬಾರದಿದ್ದಂತೆಯೇ. ಆದ್ದರಿಂದ ಯಾವ ಪರೀಕ್ಷೆ ರೋಗಿಯ ಹತ್ತಿರವೇ ಆಗಬೇಕು, ಯಾವುದು ಕೇಂದ್ರಕ್ಕೆ ಹೋಗಬಹುದು ಎಂದು ಒಂದೊಂದನ್ನೂ ವಿಂಗಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮೊದಲ ಬಾರಿಗೆ ಹೊರತಂದ ಅತ್ಯಗತ್ಯ ಪರೀಕ್ಷೆಗಳ ಪಟ್ಟಿ, ಪ್ರಯೋಗಾಲಯವೇ ಇಲ್ಲದ ಆರೋಗ್ಯ ಕೇಂದ್ರಕ್ಕೆ ಬೇಕಾದವು, ಪ್ರಯೋಗಾಲಯವಿರುವಲ್ಲಿ ಬೇಕಾದವು ಎಂದು ಬೇರೆಬೇರೆಯಾಗಿ ಕೊಟ್ಟಿದೆ. ಯೋಜನೆ ಹಾಕುವವರು ಅಲ್ಲಿಂದ ಆರಂಭಿಸಬಹುದು. ಬೆರಳ ತುದಿಯ ರಕ್ತದಿಂದ ನಡೆಯುವ ಪರೀಕ್ಷೆಗಳನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ, ಆದರೆ ಮುಚ್ಚಳ ತೆರೆದಿಟ್ಟ ಡಬ್ಬಿಯಲ್ಲಿ ತೇವ ತಗುಲಿದ ಸ್ಟ್ರಿಪ್ ತಪ್ಪು ಹೇಳುತ್ತದೆ ಎಂಬುದನ್ನು ಅದನ್ನು ಬಳಸುವವರಿಗೆ ಕಲಿಸದೆ ಕೈಗೆ ಕೊಡಬಾರದು.

ಯಂತ್ರ ಉಚಿತ, ರೀಏಜೆಂಟನ್ನು ಮಾತ್ರ ನಮ್ಮಿಂದಲೇ ಕೊಳ್ಳಬೇಕು ಎಂಬ ಒಪ್ಪಂದಗಳ ಬಗ್ಗೆಯೂ ಎಚ್ಚರ ಬೇಕು. ಯಂತ್ರದ ಬೆಲೆ ಪ್ರತಿ ಪರೀಕ್ಷೆಯಲ್ಲೂ ಸೇರಿಕೊಂಡೇ ಇರುತ್ತದೆ. ಅಂಥ ಒಪ್ಪಂದಗಳೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ದುರಸ್ತಿಯ ಹೊಣೆಯೂ ಕಂಪನಿಯದೇ ಆದಾಗ ಸಣ್ಣ ಪ್ರಯೋಗಾಲಯಕ್ಕೆ ಅವು ವರವಾಗಬಹುದು. ಸಹಿ ಹಾಕುವ ಮೊದಲು ವರ್ಷಕ್ಕೆ ಎಷ್ಟು ಪರೀಕ್ಷೆಯಾಗುತ್ತದೆಂಬ ನಿಜವಾದ ಎಣಿಕೆ ಕೈಯಲ್ಲಿರಬೇಕು, ಅಷ್ಟೆ.

ಪ್ರಯೋಗಾಲಯಗಳಿಗೆ ಕೊಡುವ ಮಾನ್ಯತೆಯ ವಿಷಯದಲ್ಲಿ ನನ್ನ ನಿಲುವು ವರ್ಷಗಳು ಕಳೆದಂತೆ ಬದಲಾಗಿದೆ. 2003ರಲ್ಲಿ ಬಂದು 2022ರಲ್ಲಿ ಪರಿಷ್ಕೃತವಾದ ಐಎಸ್‌ಒ 15189 ಎಂಬ ಅಂತರರಾಷ್ಟ್ರೀಯ ಮಾನದಂಡ ವೈದ್ಯಕೀಯ ಪ್ರಯೋಗಾಲಯಗಳಿಗೆ ಉತ್ತಮವೆಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ಎಲ್ಲರಿಗೂ ಒಂದೇ ದಿನ ಕಡ್ಡಾಯ ಮಾಡಿದರೆ ಇಬ್ಬರು ತಂತ್ರಜ್ಞರಿರುವ ಪ್ರಯೋಗಾಲಯಗಳು ಬಾಗಿಲು ಮುಚ್ಚುತ್ತವೆ, ಅಲ್ಲಿನ ರೋಗಿಗಳಿಗೆ ಇದ್ದ ಸೇವೆಯೂ ಇಲ್ಲವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಫ್ರಿಕಾ ವಿಭಾಗ 2009ರಲ್ಲಿ ಆರಂಭಿಸಿದ ಕ್ರಮ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಅಲ್ಲಿ ಪ್ರಯೋಗಾಲಯವನ್ನು ಪಾಸು, ನಪಾಸು ಎಂದು ವಿಂಗಡಿಸದೆ, ಒಂದರಿಂದ ಐದು ನಕ್ಷತ್ರಗಳವರೆಗೆ ಗುರುತಿಸಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರಲು ನೆರವಾಗುತ್ತಾರೆ.

ಆದ್ದರಿಂದ ದರಪಟ್ಟಿಯನ್ನು ಪ್ರಕಟಿಸಲು ಒತ್ತಾಯಿಸುವವರು ಅದರ ಪಕ್ಕದಲ್ಲೇ ಇನ್ನು ಕೆಲವು ವಿವರಗಳನ್ನೂ ಕೇಳಬೇಕೆಂದು ನನ್ನ ವಿನಂತಿ. ಪ್ರಯೋಗಾಲಯ ಹೊರಗಿನ ಗುಣಮಟ್ಟ ಪರಿಶೀಲನೆಯಲ್ಲಿ ಭಾಗವಹಿಸುತ್ತಿದೆಯೇ, ಅದರ ಫಲಿತಾಂಶವೇನು, ರಕ್ತ ತೆಗೆದ ಗಳಿಗೆಯಿಂದ ವರದಿ ಸಿಗುವವರೆಗೆ ಎಷ್ಟು ಹೊತ್ತಾಗುತ್ತದೆ, ಅಪಾಯದ ಮಟ್ಟದ ಫಲಿತಾಂಶ ಬಂದಾಗ ಯಾರಿಗೆ ಯಾರು ಫೋನ್ ಮಾಡುತ್ತಾರೆ, ತಿಂಗಳಿಗೆ ನೂರರಲ್ಲಿ ಎಷ್ಟು ಮಾದರಿಗಳನ್ನು ತಿರಸ್ಕರಿಸಿದರು ಎಂಬುದೆಲ್ಲ ಅಲ್ಲಿ ಕಾಣಬೇಕು. ಕೊನೆಯ ಅಂಕಿ ಸೊನ್ನೆ ಎಂದಿದ್ದರೆ ಹಿಗ್ಗಬೇಕಾಗಿಲ್ಲ. ಕೆಟ್ಟ ಮಾದರಿಗಳನ್ನೂ ಅಳೆದು ವರದಿ ಕೊಡುತ್ತಿದ್ದಾರೆಂದೇ ಬಹುಮಟ್ಟಿಗೆ ಅದರ ಅರ್ಥ. ಮಾದರಿ ಸರಿಯಿಲ್ಲವೆಂದು ಹೇಳಿ ಹಿಂದಿರುಗಿಸುವ ತಂತ್ರಜ್ಞರನ್ನು ಗದರಿಸದಿರುವುದು, ಎರಡನೆಯ ಬಾರಿ ರಕ್ತ ಕೊಡಲು ಬಂದವರಿಂದ ಮತ್ತೆ ಹಣ ಪಡೆಯದಿರುವುದು, ಈ ಎರಡನ್ನು ಪ್ರತಿ ಆಸ್ಪತ್ರೆಯೂ ನಾಳೆಯಿಂದಲೇ ಲಿಖಿತ ನಿಯಮವಾಗಿ ಮಾಡಿಕೊಳ್ಳಬಹುದು. ಅದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಕಾಯಿದೆಯೂ ಬೇಡ.

ಇತಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ